ಸದ್ದು ಮಾಡದ ಮೆಷಿನ್

ಹಳೆಯ ಮೌಲ್ಡಿಂಗ್ ಮೆಷಿನ್‌ಗಳನ್ನು ಬಿಚ್ಚಿ ಹೊಸದನ್ನು ಹಾಕುತ್ತಾರೆ ಎಂಬ ಸುದ್ದಿ ಕಾರ್ಖಾನೆಯಲ್ಲಿ ಹಬ್ಬಿದ ದಿನದಿಂದ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಮನೆಯಲ್ಲಿ ಊಟಕ್ಕೆ ಕೂತರೆ ಎರಡು ತುತ್ತು ತಿಂದು ಎದ್ದು ಗೇಟಿನ ತನಕ ಹೋಗಿ ಬರುತ್ತಿದ್ದೆ. ಹೆಂಡತಿ ಹುಬ್ಬೆತ್ತಿ ನೋಡಿದರೆ, ಗೇಟಿಗೆ ಅಗುಳಿ ಹಾಕಿದೆಯೋ ನೋಡಿದೆ ಅನ್ನುತ್ತಿದ್ದೆ. ಹಗಲು ಹೊತ್ತಿನಲ್ಲಿ ಅಗುಳಿ ಯಾಕೆ ಎಂದು ಅವಳು ಕೇಳಲಿಲ್ಲ. ಕೇಳಿದ್ದರೆ ರೇಗುತ್ತಿದ್ದೆ. ಕಾರ್ಖಾನೆಯಲ್ಲಿ ಎಲ್ಲರಿಗೂ ಹೊಸ ಮೆಷಿನ್ ಬರುವ ಸಂಭ್ರಮ, ನನಗೊಬ್ಬನಿಗೆ ಭಯ. ಹಳೆಯದು ಕಿವಿ ಒಡೆಯುವಷ್ಟು ಸದ್ದು ಮಾಡುತ್ತದೆ, ಹೊಸದು ಮಾಡುವುದಿಲ್ಲ ಎಂದು ಎಲ್ಲರೂ ಹೊಗಳುತ್ತಿದ್ದರು. ನಾನು ಹೆದರಿದ್ದು ಅದಕ್ಕೇ.

ತಮಿಳು ಸೀಮೆಯ ತುಡಿಯಲೂರಿನಲ್ಲಿರುವ ನಮ್ಮ ಫೌಂಡ್ರಿಯಲ್ಲಿ ನೀರೆತ್ತುವ ಪಂಪಿನ ಹೊಟ್ಟೆ, ಮುಚ್ಚಳ, ಮೋಟರಿನ ಮೈ ಇಂಥವನ್ನು ಕಬ್ಬಿಣದಲ್ಲಿ ಎರಕ ಹೊಯ್ಯುತ್ತೇವೆ. ಎರಕ ಅಂದರೆ ಹೊರಗಿನವರಿಗೆ ಕುಲುಮೆಯೂ ಕಿಡಿಯೂ ನೆನಪಾಗುತ್ತವೆ. ನೋಡಲು ಬಂದವರು ಫೋಟೋ ತೆಗೆಯುವುದೂ ಅಲ್ಲೇ. ನಿಜವಾದ ಕೆಲಸ ಇರುವುದು ಮರಳಿನಲ್ಲಿ. ಮರಳು ಸರಿಯಾಗಿ ಗಟ್ಟಿಯಾಗಿ, ಅದರೊಳಗೆ ಪಂಪಿನ ಆಕಾರದ ಪೊಳ್ಳು ಸರಿಯಾಗಿ ಬಿದ್ದರೆ ಕಬ್ಬಿಣ ಹೇಳಿದ ಮಾತು ಕೇಳುತ್ತದೆ. ಮರಳು ಮೆತ್ತಗಾದರೆ ಕಾದ ಕಬ್ಬಿಣ ಅಚ್ಚನ್ನು ಸೀಳಿಕೊಂಡು ಹೊರಗೆ ಬರುತ್ತದೆ. ಆ ಮರಳಿನ ಅಚ್ಚು ಮಾಡುವ ವಿಭಾಗಕ್ಕೆ ನಾನು ಮೇಸ್ತ್ರಿ. ಡಿಪ್ಲೊಮಾ ಮುಗಿಸಿ ಒಳಗೆ ಕಾಲಿಟ್ಟವನು ಬೇರೆ ಯಾವ ವಿಭಾಗಕ್ಕೂ ಹೋಗಲಿಲ್ಲ, ಹೋಗಬೇಕೆಂದು ಅನ್ನಿಸಲೂ ಇಲ್ಲ.

ಹಳೆಯ ಮೆಷಿನ್ ಕೆಲಸ ಮಾಡುತ್ತಿದ್ದದ್ದು ಹೀಗೆ. ಮೇಜಿನ ಮೇಲೆ ಪಂಪಿನ ಆಕಾರದ ಪ್ಯಾಟರ್ನ್, ಅದರ ಸುತ್ತ ತಳವಿಲ್ಲದ ಕಬ್ಬಿಣದ ಪೆಟ್ಟಿಗೆ, ಪೆಟ್ಟಿಗೆಯ ತುಂಬ ಮರಳು. ಗಾಳಿಯ ಒತ್ತಡಕ್ಕೆ ಮೇಜು ಒಂದೇ ಸಮನೆ ಎದ್ದು ಎದ್ದು ಬೀಳುತ್ತದೆ. ಬಿದ್ದಾಗೆಲ್ಲ ಮರಳು ಕೂರುತ್ತದೆ. ಆಮೇಲೆ ಮೇಲಿನಿಂದ ಒಂದು ತಲೆ ಬಂದು ಒತ್ತುತ್ತದೆ. ಅಚ್ಚಿನ ಮೇಲರ್ಧಕ್ಕೆ ಒಂದು ಮೆಷಿನ್, ಕೆಳಗಿನರ್ಧಕ್ಕೆ ಇನ್ನೊಂದು. ಇಂಥ ಜೋಡಿಗಳು ಸಾಲಾಗಿ ನಿಂತು ದಿನವಿಡೀ ಕುಟ್ಟುತ್ತಿದ್ದರೆ ನೆಲ ನಡುಗುತ್ತದೆ, ಹಲ್ಲು ಅದುರುತ್ತದೆ, ಟೀ ಲೋಟ ತಾನೇ ನಡೆದುಕೊಂಡು ಬೆಂಚಿನ ತುದಿಗೆ ಬರುತ್ತದೆ. ಅಲ್ಲಿ ಬಾಯಿಂದ ಮಾತಾಡಿ ಪ್ರಯೋಜನವಿಲ್ಲ. ಮುಷ್ಟಿ ಎತ್ತಿದರೆ ನಿಲ್ಲಿಸು. ಅಂಗೈ ಮೇಲೆ ಅಂಗೈ ಇಟ್ಟರೆ ಪೆಟ್ಟಿಗೆ ಮುಚ್ಚು. ಹೆಗಲು ತಟ್ಟಿದರೆ ಕಾದ ಕಬ್ಬಿಣ ಬರುತ್ತಿದೆ, ಪಕ್ಕಕ್ಕೆ ಸರಿ. ಇಷ್ಟರಲ್ಲಿ ಮುಗಿಯದ ಮಾತಿದ್ದರೆ ಮುಖಕ್ಕೆ ಮುಖ ಕೊಟ್ಟು ತುಟಿ ದೊಡ್ಡದಾಗಿ ಆಡಿಸಬೇಕು. ಹೆಂಡತಿ ಜಗಳವನ್ನೂ ಸಿನಿಮಾ ಕಥೆಯನ್ನೂ ನಾವು ಹಾಗೇ ಹಂಚಿಕೊಂಡಿದ್ದೇವೆ.

ನನ್ನ ಕಿವಿ ಯಾವಾಗ ಹೋಯಿತೆಂದು ಹೇಳಲಾರೆ. ಕಿವಿಗೆ ತುರುಕುವ ಬೆಣೆಗಳನ್ನು ಕೊಟ್ಟಿದ್ದರು, ಅವು ಕೊರಳಲ್ಲಿ ನೇತಾಡುತ್ತಿದ್ದವು. ಮೊದಲು ಹೋದದ್ದು ಸಣ್ಣ ದನಿಗಳು: ಗುಬ್ಬಿ, ಫೋನಿನ ಗಂಟೆ, ಕುಕ್ಕರಿನ ಸೀಟಿ. ಆಮೇಲೆ ಹೆಂಗಸರ ಮಾತು. ಈಗ ಯಾರು ಮಾತಾಡಿದರೂ ಒಂದು ಗುಂಯ್ ಬರುತ್ತದೆ, ಅದರೊಳಗಿನ ಅಕ್ಷರ ಬರುವುದಿಲ್ಲ. ಆದರೆ ಆ ಶೆಡ್ಡಿನಲ್ಲಿ ಕಿವಿ ಇದ್ದವನೂ ಕಿವುಡನೇ, ಇಲ್ಲದವನೂ ಕಿವುಡನೇ. ಬೇರೆಯವರಿಗಿಂತ ತುಟಿ ಓದುವುದರಲ್ಲಿ ನಾನೇ ಚುರುಕು ಎಂಬ ಹೆಸರೂ ಬಂದಿತ್ತು. ಹಾಗಾಗಿ ಯಾರಿಗೂ ಗೊತ್ತಾಗಲಿಲ್ಲ, ನಾನೂ ಹೇಳಲಿಲ್ಲ. ಮನೆಯಲ್ಲೂ ಯಾರಿಗೂ ಗೊತ್ತಿಲ್ಲ ಎಂದೇ ನಂಬಿದ್ದೆ.

ಮನೆಯಲ್ಲಿ ನಾನು, ಹೆಂಡತಿ, ನಮ್ಮವ್ವ. ನಮ್ಮದು ಮೊದಲು ಕಾರಮಡೈ ಕಡೆಯ ನೇಯ್ಗೆಯ ಮನೆತನ. ಯಾವ ಕಾಲದಲ್ಲಿ ಕನ್ನಡದ ಸೀಮೆಯಿಂದ ಇತ್ತ ಬಂದೆವೋ, ಬೀದಿಯಲ್ಲಿ ತಮಿಳು, ಹೊಸಿಲೊಳಗೆ ಕನ್ನಡ ಎಂದು ನಡೆದುಕೊಂಡು ಬಂದಿದೆ. ನಮ್ಮವರಲ್ಲಿ ಬಹಳ ಮಂದಿಗೆ ಕನ್ನಡ ಓದಲು ಬಾರದು. ನಾನು ತಾಳವಾಡಿಯಲ್ಲಿ ಸೋದರಮಾವನ ಮನೆಯಲ್ಲಿದ್ದು ಅಲ್ಲಿನ ಕನ್ನಡ ಶಾಲೆಯಲ್ಲಿ ಕಲಿತವನಾದ್ದರಿಂದ ಓದುತ್ತೇನೆ, ಬರೆಯುತ್ತೇನೆ, ಅದರ ಜಂಬವೂ ಇದೆ. ಆ ಜಂಬದಿಂದಲೇ ಮನೆಯಲ್ಲಿ ದಿನವೂ ಒಂದು ಜಗಳ ತೆಗೆಯುತ್ತಿದ್ದೆ. ಬರಬರುತ್ತ ಮನೆಯೊಳಗೂ ತಮಿಳು ನುಗ್ಗಿತ್ತು. ಹೆಂಡತಿ "ಸಾಪ್ಪಿಡ ವಾಂಗ" ಎಂದು ತಮಿಳಿನಲ್ಲಿ ಊಟಕ್ಕೆ ಕರೆಯುತ್ತಿದ್ದಳು. ಅವಳು ಕುನ್ನತ್ತೂರು ಕಡೆಯವಳು, ಅಲ್ಲಿನ ತಮಿಳು ತೋಟದವರ ನಡುವೆ ಬೆಳೆದವಳು, ಅದಕ್ಕೇ ಹೀಗೆ ಎಂದು ಮೂದಲಿಸುತ್ತಿದ್ದೆ. ಆದರೆ ಅವ್ವ? ಅವ್ವನಿಗೆ ತಮಿಳು ನೆಟ್ಟಗೆ ಬರುವುದೂ ಇಲ್ಲ. ತರಕಾರಿಯವನ ಹತ್ತಿರ ಕೈಸನ್ನೆಯಲ್ಲಿ ವ್ಯಾಪಾರ ಮುಗಿಸುವವಳು, ನನ್ನ ಮುಂದೆ ಮಾತ್ರ ತಡವರಿಸಿಕೊಂಡು ತಮಿಳು ಮಾತಾಡುತ್ತಿದ್ದಳು.

"ಈ ಮನೇಲಿ ಕನ್ನಡ ಸತ್ತೋಯ್ತಾ? ನಾಳೆ ನಾನು ಕಣ್ಮುಚ್ಚಿದ್ರೆ ಅಳೋದೂ ತಮಿಳಲ್ಲೇನಾ?" ಎಂದು ನಾನು ಕೂಗಾಡುತ್ತಿದ್ದೆ. ಕೂಗಾಡುತ್ತಿದ್ದೆ ಅನ್ನುವುದು ಅವರ ದೂರು. ನನ್ನ ಲೆಕ್ಕದಲ್ಲಿ ನಾನು ಸಾಧಾರಣವಾಗಿಯೇ ಮಾತಾಡುತ್ತಿದ್ದೆ. ಅತ್ತೆ ಸೊಸೆ ಮುಖ ಮುಖ ನೋಡಿಕೊಳ್ಳುತ್ತಿದ್ದರು. ಅವ್ವ ಬೊಚ್ಚುಬಾಯಿ ಅಗಲ ಮಾಡಿ "ಸರಿಪ್ಪಾ" ಎಂದು ಅದನ್ನೂ ತಮಿಳಿನಲ್ಲೇ ಹೇಳಿ ಒಳಗೆ ಹೋಗುತ್ತಿದ್ದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಮುದಲಾಳಿ ನನ್ನನ್ನು ತಮ್ಮ ಕೋಣೆಗೆ ಕರೆದರು. ನಮ್ಮಲ್ಲಿ ಮಾಲೀಕರನ್ನು ಹಾಗೇ ಕರೆಯುವುದು. ತಂದೆಯಿಂದ ಫೌಂಡ್ರಿ ಪಡೆದವರು, ನನಗಿಂತ ಚಿಕ್ಕವರು, ತಮಿಳರು, ಮುಖ ನೋಡಿ ನಿಧಾನವಾಗಿ ಮಾತಾಡುವ ಅಭ್ಯಾಸ. ಅದರಿಂದ ನನಗೆ ಅವರ ಹತ್ತಿರ ಯಾವತ್ತೂ ತೊಂದರೆಯಾಗಿಲ್ಲ. ಹೊಸ ಮೆಷಿನ್ನಿನಲ್ಲಿ ಪೆಟ್ಟಿಗೆ ಇಲ್ಲ, ಕುಟ್ಟುವುದಿಲ್ಲ, ಮುಚ್ಚಿದ ಕೋಣೆಯೊಳಗೆ ಗಾಳಿಯಿಂದ ಮರಳು ತುಂಬಿ ಎಣ್ಣೆಯ ಒತ್ತಡದಲ್ಲಿ ಎರಡೂ ಕಡೆಯಿಂದ ಒತ್ತುತ್ತದೆ, ಅಚ್ಚುಗಳು ಇಟ್ಟಿಗೆಯ ಸಾಲಿನಂತೆ ತಾವೇ ಹೊರಗೆ ಬರುತ್ತವೆ ಎಂದು ವಿವರಿಸಿದರು. ಒಬ್ಬ ಮನುಷ್ಯ ಅದರ ಕಂಪ್ಯೂಟರ್ ಪರದೆಯ ಮುಂದೆ ನಿಂತರೆ ಸಾಕು. ಆ ಒಬ್ಬ ಮನುಷ್ಯ ನೀವೇ ಎಂದರು. ನಿಮ್ಮಿಂದ ಆಗದಿದ್ದರೆ ಮಾತ್ರ ಬೇರೆಯವರನ್ನು ನೋಡುತ್ತೇನೆ, ನಿಮಗೆ ಎರಕ ಉಜ್ಜುವ ಶೆಡ್ಡಿನಲ್ಲೋ ಇನ್ನೆಲ್ಲೋ ಜಾಗ ಇದ್ದೇ ಇದೆ ಎಂದೂ ಸೇರಿಸಿದರು.

ಪರದೆಯ ಮುಂದಿನ ಜಾಗ ನನಗೆ ಬೇಕಿತ್ತು. ಬಿಡಿಸಿ ಹೇಳುತ್ತೇನೆ: ಅಷ್ಟು ಆಸೆಯಿಂದ ನಾನು ಬೇರೆ ಯಾವುದನ್ನೂ ಬಯಸಿದ್ದು ನೆನಪಿಲ್ಲ. ನನ್ನ ಕಣ್ಣ ಮುಂದೆ ಇನ್ನೊಬ್ಬ ಅಚ್ಚು ಮಾಡುವುದು, ನಾನು ಮೂಲೆಯ ಶೆಡ್ಡಿನಲ್ಲಿ ಆ ಅಚ್ಚಿನಿಂದ ಬಂದ ಎರಕದ ಅಂಚು ಉಜ್ಜುತ್ತ ಕೂರುವುದು, ಅದನ್ನು ನೆನೆಯಲೂ ಆಗುತ್ತಿರಲಿಲ್ಲ. ಕಿವಿಯ ಸಂಗತಿ ಹೊರಗೆ ಬರದಿದ್ದರೆ ಆಯಿತು ಎಂದುಕೊಂಡೆ.

ಹಳೆಯ ಮೆಷಿನ್‌ಗಳನ್ನು ಒಂದೊಂದಾಗಿ ನಿಲ್ಲಿಸಿದರು. ಕೊನೆಯ ಜೋಡಿ ನಿಂತಾಗ ಶೆಡ್ಡಿನಲ್ಲಿ ಎಲ್ಲರೂ ಸ್ವಲ್ಪ ಹೊತ್ತು ಪೆಚ್ಚಾಗಿ ನಿಂತರು. ಆಮೇಲೆ ಮಾತು ಶುರುವಾಯಿತು. ಇದನ್ನು ನಾನು ಎಣಿಸಿರಲಿಲ್ಲ. ಜನ ಈಗ ಕೆಲಸ ಮಾಡುತ್ತಲೇ, ಬಗ್ಗಿಕೊಂಡೇ, ಬೆನ್ನು ಹಾಕಿಕೊಂಡೇ ಮಾತಾಡತೊಡಗಿದರು. ಕೈ ಎತ್ತುವವರಿಲ್ಲ, ಮುಖ ಕೊಡುವವರಿಲ್ಲ. ಯಾರೋ ಏನೋ ಅಂದರು, ಎಲ್ಲರೂ ನಕ್ಕರು, ನಾನು ಒಂದು ಗಳಿಗೆ ತಡವಾಗಿ ನಕ್ಕೆ. ನನ್ನ ಜೊತೆಯಲ್ಲಿ ಬೆಳೆದ ಕೆಲಸಗಾರನೊಬ್ಬ ಹಿಂದಿನಿಂದ ಕರೆದನಂತೆ, ನಾನು ತಿರುಗಲಿಲ್ಲವಂತೆ. ಈಗಲೇ ದೊಡ್ಡ ಮೆಷಿನ್ನಿನ ಗತ್ತು ಬಂದುಬಿಟ್ಟಿತು ಎಂದು ಎದುರು ಬಂದು ಅಣಕಿಸಿ ಹೋದ. ಗತ್ತೆಂದೇ ತಿಳಿಯಲಿ ಎಂದು ಮೀಸೆ ನೀವಿದೆ.

ಮೆಷಿನ್ ಕಂಪನಿಯಿಂದ ಅದನ್ನು ಜೋಡಿಸಿ ನಮಗೆ ಕಲಿಸಲು ಒಬ್ಬ ಎಂಜಿನಿಯರ್ ಬಂದಳು. ದಾವಣಗೆರೆ ಕಡೆಯ ಹುಡುಗಿ, ತಲೆಗೆ ಹಳದಿ ಟೊಪ್ಪಿ, ಸದಾ ಕೈಯಲ್ಲಿ ಟಾರ್ಚು. ಮುದಲಾಳಿಗೆ ಆಕೆ ಕನ್ನಡದವಳೆಂದು ತಿಳಿದದ್ದೇ ತಡ ಹಿಗ್ಗಿ ಹೀರೇಕಾಯಾದರು. ನಮ್ಮ ಮೇಸ್ತ್ರಿಯೂ ಕನ್ನಡದವರೇ, ಅವರ ಭಾಷೆಯಲ್ಲೇ ಹೇಳಿಕೊಡಿ, ಇನ್ನೂ ಚೆನ್ನಾಗಿ ತಲೆಗೆ ಹೋಗುತ್ತದೆ ಎಂದು ನನ್ನನ್ನು ಮುಂದೆ ತಳ್ಳಿದರು. ಆಕೆಯ ಮುಖ ಅರಳಿತು. ನನ್ನ ಕಡೆ ತಿರುಗಿ ಏನೋ ಹೇಳಿದಳು. ನಾನು ತುಟಿ ನೋಡಿದೆ. ಏನೂ ಹಿಡಿಯಲಿಲ್ಲ. ಇನ್ನೊಮ್ಮೆ ಹೇಳಿದಳು. ಹಿಡಿಯಲಿಲ್ಲ.

ಎಷ್ಟು ವೇಗವಾಗಿ ಮಾತಾಡಿದರೂ ತುಟಿಯಿಂದ ಮಾತು ಕಿತ್ತುಕೊಳ್ಳುವ ನಾನು, ಇಷ್ಟು ಹತ್ತಿರ ನಿಂತ ಮುಖದಿಂದ ಒಂದು ಶಬ್ದವನ್ನೂ ತೆಗೆಯಲಾರದೆ ನಿಂತಿದ್ದೆ. ತುಟಿ ಓದುವುದನ್ನು ನಾನು ಕಲಿತದ್ದು ಆ ಗದ್ದಲದಲ್ಲಿ, ಆ ಗದ್ದಲದಲ್ಲಿ ಇದ್ದವರೆಲ್ಲ ತಮಿಳರು. ನನ್ನ ಕಣ್ಣು ಕಲಿತದ್ದು ತಮಿಳನ್ನು ಮಾತ್ರ. ಮುಂದೆ ಯಾವ ಮಾತು ಬಂದೀತೆಂದು ಅದು ಮೊದಲೇ ಊಹಿಸಿ ಕಾಯುತ್ತದೆ, ಕನ್ನಡ ಬಂದರೆ ಪೆಪ್ಪರುಮೆಂಟು ಕಳೆದುಕೊಂಡ ಮಗುವಿನಂತೆ ಪಿಳಿಪಿಳಿ ನೋಡುತ್ತದೆ. ಆಡುವ ಕನ್ನಡವನ್ನು ಕಿವಿಯಿಂದ ಮಾತ್ರ ಕಲಿತಿದ್ದೆ, ಕಿವಿ ಹೋದಾಗ ಅದೂ ಹೋಗಿತ್ತು. ಹೋದದ್ದು ಅಲ್ಲಿಯವರೆಗೆ ನನಗೇ ಗೊತ್ತಾಗಿರಲಿಲ್ಲ. ಯಾಕೆ ಗೊತ್ತಾಗಲಿಲ್ಲ ಎಂದು ಅವತ್ತೇ ಯೋಚಿಸಬೇಕಿತ್ತು, ಯೋಚಿಸಲಿಲ್ಲ. "ಹೌದು ಹೌದು, ಸಂತೋಷ" ಅಂದೆ.

ಆಮೇಲಿನ ದಿನಗಳಲ್ಲಿ ನಾನು ತಲೆಯಾಡಿಸಿದ್ದಕ್ಕೆ ಲೆಕ್ಕವಿಲ್ಲ. ಆಕೆ ಪರದೆ ತೋರಿಸಿ ಹೇಳುತ್ತಾಳೆ, ನಾನು ಹೂಂಗುಟ್ಟುತ್ತೇನೆ. ಬೆರಳು ಎಲ್ಲಿ ಹೋಗುತ್ತದೋ ಕಣ್ಣಿಟ್ಟು ನೆನಪಿಟ್ಟುಕೊಳ್ಳುತ್ತೇನೆ. ಪ್ರಶ್ನೆ ಕೇಳಿದಳೆಂದು ಅನುಮಾನ ಬಂದರೆ ಬಗ್ಗಿ ಬೂಟಿನ ದಾರ ಕಟ್ಟುತ್ತೇನೆ. ಬೂಟಿನ ದಾರ ಅಷ್ಟು ಸಲ ಬಿಚ್ಚುವುದು ಆಕೆಗೂ ವಿಚಿತ್ರ ಎನ್ನಿಸಿರಬೇಕು. ನನ್ನ ಬಾಯಿಯ ಕನ್ನಡ ಹೊರಗೆ ಬಂದರೆ ಆಕೆಯ ಕನ್ನಡಕ್ಕೆ ಉತ್ತರ ಕೊಡಬೇಕಾಗುತ್ತದೆ ಎಂದು ನಾನು ಮಾತೂ ಆಡಲಿಲ್ಲ. ಮೊದಲು ನಗುತ್ತಿದ್ದವಳು ಕ್ರಮೇಣ ಗಂಭೀರವಾದಳು. ಮನೆಗೆ ಬಂದ ಮೇಲೆ ನನಗೆ ನಿದ್ದೆಯಿಲ್ಲ, ಹಸಿವಿಲ್ಲ. ಕಾಲು ತಾನಾಗಿ ನೆಲ ಕುಟ್ಟುತ್ತಿತ್ತು, ಹಳೆಯ ಮೆಷಿನ್ ಒಳಗೆ ಸೇರಿಕೊಂಡಂತೆ.

ಪರೀಕ್ಷೆಗೆಂದು ಮೆಷಿನ್ ಓಡಿಸಿದ ದಿನ ಪರದೆಯ ಮುಂದೆ ನನ್ನನ್ನು ನಿಲ್ಲಿಸಿ ಆಕೆ ಸಾಲಿನ ಆ ತುದಿಗೆ ಹೋದಳು. ಅಲ್ಲಿ ಅಚ್ಚುಗಳಿಗೆ ಕಬ್ಬಿಣ ಹೊಯ್ಯುತ್ತಿದ್ದರು. ನಾನು ಎಡಗೈಯನ್ನು ಮೆಷಿನ್ನಿನ ಮೈಮೇಲಿಟ್ಟು ನಿಂತೆ. ಹಳೆಯ ಚಾಳಿ, ಅದುರುವಿಕೆ ಕೈಗೆ ಬಂದರೆ ಧೈರ್ಯ. ಇದರ ಮೈ ಹೆಚ್ಚೇನೂ ಅದುರುವುದಿಲ್ಲ. ಆದರೂ ಒಂದರ ಹಿಂದೊಂದು ಅಚ್ಚು ಹೊರಗೆ ಹೋಗುತ್ತಿತ್ತು, ಹೊಸ ಮರಳಿನ ಬಿಸಿ ವಾಸನೆ ಬರುತ್ತಿತ್ತು, ಬಹಳ ದಿನಗಳ ಮೇಲೆ ನನಗೆ ಹಾಯೆನ್ನಿಸಿತು. ತಲೆಯೆತ್ತಿದಾಗ ಶೆಡ್ಡಿನ ಜನರೆಲ್ಲ ನನ್ನನ್ನೇ ನೋಡುತ್ತಿದ್ದರು.

ಮೆಷಿನ್ ಸೀಟಿ ಹೊಡೆಯುತ್ತಿತ್ತಂತೆ. ಮರಳಿನಲ್ಲಿ ನೀರು ಕಡಿಮೆಯಾಗಿದೆ, ಅಚ್ಚು ಮೆತ್ತಗೆ ಬರುತ್ತಿದೆ, ನಿಲ್ಲಿಸು ಎಂದು ಸಣ್ಣ ದನಿಯಲ್ಲಿ ಬಹಳ ಹೊತ್ತಿನಿಂದ ಕೂಗುತ್ತಿತ್ತಂತೆ. ಪರದೆಯ ಮೂಲೆಯಲ್ಲಿ ಒಂದು ಗುರುತೂ ಮಿನುಗುತ್ತಿತ್ತು. ಅದರ ಅರ್ಥವನ್ನು ಆಕೆ ಕನ್ನಡದಲ್ಲಿ ವಿವರಿಸಿದಾಗ ನಾನು ಬೂಟಿನ ದಾರ ಕಟ್ಟುತ್ತಿದ್ದೆನೋ ಏನೋ. ಆಕೆ ಓಡಿ ಬಂದು ಕೆಂಪು ಗುಂಡಿ ಅದುಮುವಷ್ಟರಲ್ಲಿ ಆ ತುದಿಯಲ್ಲಿ ಒಂದು ಅಚ್ಚು ಸೀಳಿ ಕಬ್ಬಿಣ ನೆಲಕ್ಕೆ ಹರಿಯಿತು. ಜನ ಹಿಂದಕ್ಕೆ ಹಾರಿದರು. ಒಣ ಮರಳಿನ ನೆಲವಾದ್ದರಿಂದ ಯಾರಿಗೂ ಏನೂ ಆಗಲಿಲ್ಲ, ಒಬ್ಬನ ಪ್ಯಾಂಟಿನ ಅಂಚು ಸುಟ್ಟಿತು. ನನ್ನ ಕೈ ಇನ್ನೂ ಮೆಷಿನ್ನಿನ ಮೈಮೇಲೇ ಇತ್ತು.

ಮುದಲಾಳಿಯ ಕೋಣೆಯಲ್ಲಿ ಆಕೆ ಇಂಗ್ಲಿಷಿನಲ್ಲಿ ಏನೋ ದೂರು ಹೇಳಿದಳು. ಅವರು ಕೇಳಿಸಿಕೊಂಡು, ಗಲ್ಲ ತುರಿಸಿಕೊಂಡು, ನನ್ನ ಕಡೆ ತಿರುಗಿ ತಮಿಳಿನಲ್ಲಿ ಕೇಳಿದರು. ಕೋಪವಿರಲಿಲ್ಲ, ಮರುಕವಿತ್ತು. "ಇವರು ಹೇಳೋದು ನಿಮಗೆ ಅರ್ಥವೇ ಆಗ್ತಿಲ್ಲವಂತೆ. ಇಲ್ಲಿಯ ಎಷ್ಟೋ ಕನ್ನಡದವರ ಹಾಗೆ ನಿಮಗೂ ಕನ್ನಡ ಮರೆತುಹೋಗಿದೆ, ಹೇಳೋಕೆ ನಾಚಿಕೆ. ಹೌದಾ?"

ನನಗೆ ಒಂದು ಬಾಗಿಲು ತೆರೆದುಕೊಟ್ಟಿದ್ದರು. ಹೌದು ಅಂದರೆ ಸಾಕು, ಕಿವಿಯ ಮಾತೇ ಬರುವುದಿಲ್ಲ, ಮೆಷಿನ್ ನನ್ನ ಕೈಯಲ್ಲೇ ಉಳಿಯುತ್ತದೆ. ಇಲ್ಲ ಅಂದರೆ ಕಿವಿ ಕೇಳಿಸದಿರುವುದನ್ನು ಹೇಳಬೇಕು. ಮನೆಯಲ್ಲಿ ಕನ್ನಡಕ್ಕಾಗಿ ತಟ್ಟೆ ಕುಕ್ಕುತ್ತಿದ್ದ ನಾನು ನೆಲ ನೋಡಿಕೊಂಡು "ಹೌದು, ಮರೆತುಹೋಗಿದೆ" ಅಂದೆ. ಮುದಲಾಳಿ ಬೆನ್ನು ತಟ್ಟಿದರು. ಇನ್ನು ಮೇಲೆ ಆಕೆ ಹೇಳಿದ್ದನ್ನು ನಾನೇ ಪಕ್ಕದಲ್ಲಿ ನಿಂತು ತಮಿಳಿನಲ್ಲಿ ಹೇಳುತ್ತೇನೆಂದರು. ಆ ಹುಡುಗಿ ನನ್ನನ್ನು ನೋಡಿದ ನೋಟದಲ್ಲಿ ತಿರಸ್ಕಾರವಿರಲಿಲ್ಲ, ಬೇಜಾರಿತ್ತು. ಅದು ತಿರಸ್ಕಾರಕ್ಕಿಂತ ಹೆಚ್ಚು ಚುಚ್ಚಿತು.

ಹೀಗೆ ಬಚಾವಾದೆ ಅಂದುಕೊಳ್ಳುವಷ್ಟರಲ್ಲಿ ಹೆಂಡತಿ ಎಡವಟ್ಟು ಮಾಡಿದಳು. ನನಗೆ ಊಟದ ಡಬ್ಬಿ ಕೊಡಲು ಕಾರ್ಖಾನೆಯ ಗೇಟಿಗೆ ಬಂದವಳು, ಅಲ್ಲಿ ಫೋನಿನಲ್ಲಿ ಅಮ್ಮನ ಹತ್ತಿರ ಕನ್ನಡದಲ್ಲಿ ಮಾತಾಡುತ್ತ ನಿಂತಿದ್ದ ಆ ಹುಡುಗಿಯನ್ನು ಕಂಡಿದ್ದಾಳೆ. ಹಾಸ್ಟೆಲಿನ ಊಟ ಸೇರುತ್ತಿಲ್ಲ ಎಂದು ಕೇಳಿ ಕರಗಿ ಭಾನುವಾರ ಮನೆಗೇ ಊಟಕ್ಕೆ ಕರೆದುಬಿಟ್ಟಿದ್ದಾಳೆ. ಯಾರ ಮನೆ ಎಂದು ಆಕೆಗೆ ಗೊತ್ತು, ಬರುತ್ತೇನೆ ಅಂದಳಂತೆ. ಮುಂದಕ್ಕೆ ಹಾಕು ಅಂದೆ. ಯಾಕೆ ಅಂದಳು. ಅವ್ವನಿಗೆ ಮೈ ಸರಿಯಿಲ್ಲ ಅಂದೆ. ಅವ್ವ ಆಗಲೇ ಹಿತ್ತಲಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದಳು.

ಭಾನುವಾರ ಮಧ್ಯಾಹ್ನ ಆ ಹುಡುಗಿ ಬಂದಳು. ಬಾಗಿಲಲ್ಲೇ ಅವ್ವ ಆಕೆಯ ಕೈ ಹಿಡಿದಳು, ಬಿಡಲೇ ಇಲ್ಲ. ನಾನು ಮೂಲೆಯ ಕುರ್ಚಿಯಲ್ಲಿ ಕೂತು, ಎದ್ದು, ಮತ್ತೆ ಕೂತು ನೋಡುತ್ತಿದ್ದೆ. ಅವ್ವ ಮಾತಾಡುತ್ತಿದ್ದಳು. ತಡವರಿಸಿ ಅಲ್ಲ, ಸರಾಗವಾಗಿ, ಕೈ ಬೀಸಿಕೊಂಡು, ನಡುವೆ ನಕ್ಕು, ತೊಡೆ ತಟ್ಟಿಕೊಂಡು. ಹೆಂಡತಿ ಅಡುಗೆಮನೆಯಿಂದ ಸೌಟು ಹಿಡಿದೇ ಬಂದು ಅದಕ್ಕೆ ಒಂದು ಸೇರಿಸುತ್ತಿದ್ದಳು. ಮೂವರ ತುಟಿಗಳೂ ನನಗೆ ಹಿಡಿಯಲಿಲ್ಲ. ಅಂದರೆ ಮೂವರೂ ಆಡುತ್ತಿದ್ದದ್ದು ಕನ್ನಡ. ಆಮೇಲೆ ಹೆಂಡತಿ ನನ್ನ ಕಡೆ ತಿರುಗಿದಳು. ತುಟಿ ಸ್ವಲ್ಪ ದೊಡ್ಡದಾಗಿ ಆಡಿತು. "ಇನ್ನುಂ ಕೊಂಜಂ ಸಾದಂ?" ಇನ್ನೂ ಸ್ವಲ್ಪ ಅನ್ನ ಬೇಕೇ ಎಂದು ತಮಿಳಿನಲ್ಲಿ ಕೇಳಿದ್ದು ನನಗೆ ಸ್ಪಷ್ಟವಾಗಿ ಸಿಕ್ಕಿತು. ಅವ್ವನೂ ತಿರುಗಿದಳು, ಅವ್ವನೂ ತಮಿಳಿಗೆ ಹೊರಳಿದಳು, ಮುಖವೂ ಬೇರೆಯಾಯಿತು, ನಿಧಾನವಾಯಿತು. ಮತ್ತೆ ಆ ಹುಡುಗಿಯ ಕಡೆ ತಿರುಗಿದೊಡನೆ ಸರಾಗವಾದಳು.

ಇದನ್ನು ಆ ಹುಡುಗಿಯೂ ಕಂಡಳು. ಅವ್ವನನ್ನು ಏನೋ ಕೇಳಿದಳು. ಅವ್ವ ಉತ್ತರ ಕೊಡುತ್ತ ಬೆರಳಿನಿಂದ ತನ್ನ ಕಿವಿ ಮುಟ್ಟಿಕೊಂಡಳು. ಅಷ್ಟು ಸಾಕಿತ್ತು. ಅವಳು ಏನೆಂದಳು ಎಂಬುದನ್ನು ಹೆಂಡತಿ ಆಮೇಲೆ ಹೇಳಿದಳು: "ಮರ್ತಿಲ್ಲ ತಾಯಿ, ಅವನಿಗೆ ಕಿವಿ ಕೇಳ್ಸದು. ಮೆಷಿನ್ ತಿಂದ್ಬಿಡ್ತು. ತಮಿಳಾದ್ರೆ ಬಾಯಿ ನೋಡ್ಕಂಡು ತಿಳ್ಕಂತಾನೆ, ಕನ್ನಡಕ್ಕೆ ಮಿಕಿಮಿಕಿ ನೋಡ್ತಾನೆ. ಅದ್ಕೆ ಅವನ್ ಮುಂದೆ ನಾವೂ ತಮಿಳೇ. ನಂಗೆ ನೆಟ್ಟಗೆ ಬರಾದಿಲ್ಲ, ಏನ್ ಮಾಡಾದು. ಪಾಪ ಅವನು, ಯಾರ್ಗೂ ತಿಳೀದು ಅಂದ್ಕಂಡವ್ನೆ."

ನಾನು ಎದ್ದು ಚಪ್ಪಲಿ ಮೆಟ್ಟಿ ಹೊರಟುಬಿಟ್ಟೆ. ಮೇಟ್ಟುಪಾಳಯಂ ರಸ್ತೆಯ ತನಕ ನಡೆದೆ, ಬಸ್ಸುಗಳ ಗುಂಯ್‌ಗುಡುವಿಕೆಯಲ್ಲಿ ನಿಂತೆ, ಮತ್ತೆ ನಡೆದೆ. ಮೊದಲು ಬಂದದ್ದು ಕೋಪ. ನನ್ನನ್ನು ಇಷ್ಟು ದಿನ ಆಟ ಆಡಿಸಿದರಲ್ಲ ಎಂದು. ಕೋಪ ಇಳಿದ ಮೇಲೆ ಬಂದದ್ದಕ್ಕೆ ಏನನ್ನಬೇಕೋ ಗೊತ್ತಿಲ್ಲ. ಈ ಇಳಿವಯಸ್ಸಿನಲ್ಲಿ, ಬಾಯಲ್ಲಿ ಒಂದು ಹಲ್ಲಿಲ್ಲದೆ, ಅವ್ವ ನನಗೋಸ್ಕರ ಬಾರದ ಭಾಷೆಯನ್ನು ಕೂಡಿಸಿ ಕೂಡಿಸಿ ಆಡುತ್ತಿದ್ದಳು. ನಾನು ಅದಕ್ಕೇ ಅವಳ ಮೇಲೆ ಕೂಗಾಡುತ್ತಿದ್ದೆ. ಅವಳು "ಸರಿಪ್ಪಾ" ಎಂದು ಒಳಗೆ ಹೋಗುತ್ತಿದ್ದಳು. ರಸ್ತೆಯ ಬದಿಯಲ್ಲಿ ನಿಂತು ಅತ್ತೆ. ಟೀ ಅಂಗಡಿಯವನು ನನ್ನನ್ನೇ ನೋಡುತ್ತಿದ್ದ, ನೋಡಲಿ ಎಂದು ಬಿಟ್ಟೆ.

ಮರುದಿನ ಕಾರ್ಖಾನೆಯಲ್ಲಿ ಆ ಹುಡುಗಿ ಮುದಲಾಳಿಗೆ ಏನನ್ನೂ ಹೇಳಿರಲಿಲ್ಲ. ನಾನು ಹೋದಾಗ ಮೆಷಿನ್ನಿನ ಹತ್ತಿರ ಒಬ್ಬಳೇ ನಿಂತಿದ್ದಳು. ಪಕ್ಕಕ್ಕೆ ತೆಗೆದಿಟ್ಟಿದ್ದ ಒಂದು ಕೆಟ್ಟ ಅಚ್ಚು ಅಲ್ಲೇ ಇತ್ತು, ಮೇಲ್ಮೈ ಕಪ್ಪಗೆ, ನುಣ್ಣಗೆ. ನಾನು ಕನ್ನಡ ಓದುತ್ತೇನೆಂದು ಅವ್ವ ಹೇಳಿದ್ದಳಂತೆ. ಆಕೆ ನನ್ನನ್ನು ಕರೆದು ತೋರುಬೆರಳಿನಿಂದ ಆ ಮರಳಿನ ಮೇಲೆ ಬರೆದಳು: ನಾನು ಹೇಳಲಾ, ನೀವೇ ಹೇಳ್ತೀರಾ?

ಈ ಮೆಷಿನ್ ಸೀಟಿ ಹೊಡೆಯುವುದು ಜನರ ಕೈಕಾಲು ಉಳಿಸಲು. ಮೊನ್ನೆ ಸುಟ್ಟದ್ದು ಪ್ಯಾಂಟಿನ ಅಂಚು, ಅಷ್ಟೇ. ಅದು ಆಕೆಗೂ ಗೊತ್ತು, ನನಗೂ ಗೊತ್ತು. ಆಕೆ ಅದನ್ನು ಬರೆಯಲಿಲ್ಲ, ಬರೆಯುವ ಅಗತ್ಯವಿರಲಿಲ್ಲ. ನಾನು ಅಂಗೈಯಿಂದ ಅಕ್ಷರಗಳನ್ನು ಒರೆಸಿ ಮುದಲಾಳಿಯ ಕೋಣೆಗೆ ಹೋದೆ.

"ನನಗೆ ಕನ್ನಡ ಮರೆತಿಲ್ಲ" ಎಂದು ತಮಿಳಿನಲ್ಲಿ ಹೇಳಿದೆ. "ನನಗೆ ಕಿವಿ ಕೇಳಿಸೋದಿಲ್ಲ."

ಅವರು ಎದ್ದು ಬಂದು, ನನ್ನ ಮುಖಕ್ಕೆ ಮುಖ ಕೊಟ್ಟು, ಪರದೆಯ ಮುಂದೆ ನಿಮ್ಮನ್ನು ನಿಲ್ಲಿಸಲಾರೆ ಎಂದರು. ನನಗೆ ಅದು ಮೊದಲೇ ಗೊತ್ತಿತ್ತು, ಆದರೂ ಎದೆಗೆ ಒದ್ದಂತಾಯಿತು. ಉಜ್ಜುವ ಶೆಡ್ಡಿಗೆ ಕಳಿಸಲಿಲ್ಲ. ಮರಳು ಕಲಸುವ ಕಡೆ ಹಾಕಿದರು. ಅಲ್ಲಿ ಮುಷ್ಟಿಯಲ್ಲಿ ಮರಳು ಹಿಡಿದು, ಮುರಿದು, ನೀರು ಸಾಕೋ ಸಾಲದೋ ನೋಡಬೇಕು. ಅದಕ್ಕೆ ಕಿವಿ ಬೇಡ. ಕಿವಿಗೆ ಹಾಕುವ ಯಂತ್ರಕ್ಕೂ ವ್ಯವಸ್ಥೆ ಮಾಡುತ್ತೇನೆ ಎಂದರು. ಅದು ಬಂದಿದೆ, ಹಾಕಿದರೆ ಎಲ್ಲರ ಮಾತೂ ತಗಡಿನ ಮೇಲೆ ಮೊಳೆ ಎಳೆದ ಹಾಗಿರುತ್ತದೆ, ಹೆಚ್ಚಾಗಿ ಜೇಬಿನಲ್ಲಿರುತ್ತದೆ. ಪರದೆಯ ಮುಂದೆ ಈಗ ಬೇರೊಬ್ಬ ನಿಲ್ಲುತ್ತಾನೆ, ಕೆಲಸ ಬಲ್ಲವನೇ. ಆ ಕಡೆ ಹೋಗಬಾರದೆಂದು ಇವತ್ತಿಗೂ ಅಂದುಕೊಳ್ಳುತ್ತೇನೆ. ಹೋಗದೆ ಇರಲೂ ಆಗುವುದಿಲ್ಲ, ಏನೋ ನೆಪ ಮಾಡಿಕೊಂಡು ದಿನಕ್ಕೊಂದು ಸಲ ಹೋಗಿ ಅದರ ಮೈ ಮುಟ್ಟಿ ಬರುತ್ತೇನೆ.

ಮುದಲಾಳಿಗೆ ನಿಜ ಹೇಳಿದ ದಿನ ಸಂಜೆ ಮನೆಗೆ ಬಂದವನು ಬೂಟು ಬಿಚ್ಚದೆ ಅವ್ವನ ಮುಂದೆ ನೆಲಕ್ಕೆ ಕೂತೆ. ಅವಳು ಜಗಲಿಯ ಕಂಬಕ್ಕೆ ಒರಗಿ ಎಲೆ ಅಡಿಕೆ ಕುಟ್ಟುತ್ತಿದ್ದಳು.

"ಅವ್ವ, ಇನ್ ಮ್ಯಾಲೆ ನನ್ ಜೊತೆ ಕನ್ನಡದಲ್ಲೇ ಮಾತಾಡು" ಅಂದೆ.

"ಉನಕ್ಕು ಪುರಿಯಾದುಪ್ಪಾ" ಅಂದಳು. ನಿನಗೆ ಅರ್ಥವಾಗುವುದಿಲ್ಲ ಎಂದು ತಮಿಳಿನಲ್ಲಿ.

"ಆಗ್ದಿದ್ರೆ ಆಗ್ದು. ಮಾತಾಡು."

ಅವ್ವ ಕುಟ್ಟಾಣಿ ಪಕ್ಕಕ್ಕಿಟ್ಟಳು. ಏನೋ ಹೇಳಿದಳು. ಹಲ್ಲಿಲ್ಲದ ಬಾಯಿ, ಒಳಕ್ಕೆ ಹೋದ ತುಟಿ, ನನಗೆ ಏನೂ ಸಿಗಲಿಲ್ಲ. ಇನ್ನೊಂದು ಸಲ ಅಂದೆ. ಹೇಳಿದಳು. ಸಿಗಲಿಲ್ಲ. ಮೆಷಿನ್ನಿಗೆ ಇಡುವ ಹಾಗೆ ನನ್ನ ಅಂಗೈಯನ್ನು ಅವಳ ಗಂಟಲಿಗೆ ಇಟ್ಟೆ. 'ಇನ್ನೊಂದು ಸಲ' ಎಂದು ಕಣ್ಣಲ್ಲಿ ಕೇಳಿದೆ. ಗುಂಯ್ ಎಂದು ಕೈಗೆ ಬಂತು, ಮಾತು ಎಲ್ಲಿ ಮುರಿಯುತ್ತದೆ, ಎಲ್ಲಿ ಏಳುತ್ತದೆ ಎಂಬುದು ಸ್ವಲ್ಪ ಸಿಕ್ಕಿತು. ಬಾಗಿಲಲ್ಲಿ ನಿಂತಿದ್ದ ಹೆಂಡತಿ ಕನಿಕರ ತಾಳಲಾರದೆ ತಮಿಳಿನಲ್ಲಿ ಹೇಳಿಕೊಡಲು ಬಾಯಿ ತೆರೆದಳು. ನಾನು ಮುಷ್ಟಿ ಎತ್ತಿದೆ, ಶೆಡ್ಡಿನಲ್ಲಿ ಎತ್ತುವ ಹಾಗೆ. ಅವಳು ನಿಲ್ಲಿಸಿದಳು.

ಅವ್ವ ನನ್ನ ಕೈ ತೆಗೆಯಲಿಲ್ಲ. ಬೇಸರವಿಲ್ಲದೆ ಅದೇ ಮಾತನ್ನು ಮತ್ತೆ ಹೇಳಿದಳು, ಮತ್ತೆ ಹೇಳಿದಳು. ಎಷ್ಟನೆಯ ಸಲಕ್ಕೋ ಒಂದು ಪದ ಬಿಡಿಸಿಕೊಂಡಿತು, ಅದರ ಹಿಂದೆ ಉಳಿದವೂ ಬಂದವು.

"ನಂಗೆ ಕಿವಿ ಚೆನ್ನಾಗ್ ಕೇಳ್ತದೆ ಮಗ. ನೀನು ಮೆಲ್ಲಗೆ ಮಾತಾಡು."

ನಾನು ಮೆಲ್ಲಗೆ, ಎಷ್ಟು ಮೆಲ್ಲಗೆಂದು ನನಗೇ ತಿಳಿಯದೆ, "ಸರಿ ಅವ್ವ" ಅಂದೆ.